ಒಂದು ಕಾರು ಕೊಟ್ಟು ಎರಡು

“ಎರಡಾ ಮೇಡಂ?” ಶೋರೂಮಿನಾಕೆಯ ಮುಖ ಅರಳಿತು. “ಹಳೇ ಗಾಡಿ ಕೊಟ್ಟು ಎರಡು ಹೊಸದು. ಸರ್‌ಗೊಂದು, ನಿಮಗೊಂದು. ಇಂಥ ಜೋಡಿ ಅಪರೂಪ. ಇಲ್ಲಿಗೆ ಬರೋರು ಒಂದು ಕಾರಿಗೇ ಹೊಡೆದಾಡ್ತಾರೆ.”

ನಾನು ಗಂಡನ ಮುಖ ನೋಡಿದೆ. ಅವನು ನನ್ನ ಮುಖ ನೋಡಿದ. ನಾವು ಬೇರೆಯಾಗುತ್ತಿದ್ದೇವೆ, ಅದಕ್ಕೇ ಎರಡು ಎಂದು ಇಬ್ಬರಲ್ಲಿ ಯಾರಾದರೂ ಹೇಳಬೇಕಿತ್ತು. ಆದರೆ ಅವನು ಹಿಂದಿನ ದಿನವೆಲ್ಲ ಒಂದು ಆಸ್ಪತ್ರೆಯ ಲಿಫ್ಟಿನ ಕೆಳಗೆ ಕಳೆದು ಬಂದಿದ್ದ. ನನ್ನ ಕಣ್ಣಲ್ಲಿ ಶಾಲಾ ವಿಜ್ಞಾನದ ಕರಡು ಓದಿ ಓದಿ ಮರಳು ತುಂಬಿದಂತಿತ್ತು. ಅಷ್ಟನ್ನೆಲ್ಲ ಬಿಡಿಸಿ ಹೇಳಲು ಯಾರಿಗೆ ತ್ರಾಣ?

“ಹೌದು, ಎರಡು,” ಎಂದ ಅವನು.

ಅವನು ಲಿಫ್ಟ್ ಮೆಕ್ಯಾನಿಕ್. ಎತ್ತರದ ಕಟ್ಟಡಗಳ ಹೊಟ್ಟೆಯಲ್ಲಿ, ಬಾವಿಯಂಥ ಕತ್ತಲಿಗೆ ಬೆಲ್ಟ್ ಬಿಗಿದುಕೊಂಡು ಇಳಿಯುವುದು ಅವನ ಕೆಲಸ. ನಾನು ಪಠ್ಯಪುಸ್ತಕ ಅಚ್ಚು ಮಾಡುವ ಕಚೇರಿಯಲ್ಲಿ ಕರಡು ತಿದ್ದುವವಳು. ಉಳಿದವರಿಗಿಂತ ಮೊದಲು ತಪ್ಪನ್ನು ಕಾಣುವುದು ನನ್ನ ಕೆಲಸ, ಮತ್ತು ಆ ಕೆಲಸ ಸಂಜೆ ನನ್ನ ಜೊತೆಗೇ ಮನೆಗೆ ಬರುತ್ತಿತ್ತು. ಅವನು ಇಳಿದಿದ್ದಾನೆ ಎಂದು ಗೊತ್ತಾದರೆ ಸಾಕು, ಫೋನ್ ಮಾಡುತ್ತಿದ್ದೆ. ಎತ್ತದಿದ್ದರೆ ಮತ್ತೆ ಮಾಡುತ್ತಿದ್ದೆ.

ಒಂದು ದಿನ ಊಟದ ತಟ್ಟೆ ನೋಡುತ್ತಾ ಅವನು ಹೇಳಿದ. “ನನ್ನ ಭಯ ಹೇಗೋ ಹೊತ್ಕೊಂಡು ಇಳೀತೀನಿ. ನಿನ್ನದೂ ಹೊತ್ಕೊಂಡು ಇಳಿಯೋಕೆ ಆಗ್ತಿಲ್ಲ ಕಣೇ.”

ಕೋಪದಲ್ಲಿ ಹೇಳಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ಅವನು ಸುಸ್ತಾಗಿ ಹೇಳಿದ. ನಾನು ಕಚೇರಿಯ ಹತ್ತಿರ ಒಂದು ರೂಮು ಹಿಡಿದೆ. ಅವನು ಬೇಡ ಅನ್ನಲಿಲ್ಲ. ಗಾದಿ, ಪಾತ್ರೆ, ಪುಸ್ತಕದ ಕಪಾಟು ಎಲ್ಲ ಸದ್ದಿಲ್ಲದೆ ಹಂಚಿಕೆಯಾದವು. ಇಬ್ಬರದೂ ಆಗಿ ಉಳಿದದ್ದು ಕಾರೊಂದೇ. ಕಾರನ್ನು ಅರ್ಧ ಮಾಡಲು ಬರುವುದಿಲ್ಲ. ಅದಕ್ಕೇ ಈ ಶೋರೂಮು.

ಒಬ್ಬೊಬ್ಬರೇ ಬಂದಿದ್ದರಾಗುತ್ತಿತ್ತು. ಆದರೆ ಅವನಿಗೆ ಬ್ರೋಷರ್ ಓದಲು ಬರುವುದಿಲ್ಲ, ನನಗೆ ಎಂಜಿನ್ ಕೇಳಲು ಬರುವುದಿಲ್ಲ. ಕಾರು ಕೊಳ್ಳುವ ಮಟ್ಟಿಗೆ ನಾವಿಬ್ಬರೂ ಸೇರಿ ಒಬ್ಬ ಮನುಷ್ಯ.

“ಇದು ಕಾಂಪ್ಯಾಕ್ಟ್,” ಎಂದು ಆಕೆ ಒಂದು ಬಿಳಿ ಕಾರಿನ ಬಾನೆಟ್ ಮೇಲೆ ಕೈಯಿಟ್ಟಳು. “ಮೈಲೇಜ್ ಕೇಳಿದ್ರೆ ಖುಷಿ ಪಡ್ತೀರಾ.” ಒಂದು ಸಂಖ್ಯೆ ಹೇಳಿದಳು.

“ಅದರ ಪಕ್ಕ ನಕ್ಷತ್ರದ ಗುರುತಿದೆ,” ನಾನು ಬ್ರೋಷರಿನ ಕೊನೆಯ ಸಾಲಿಗೆ ಬೆರಳಿಟ್ಟೆ. “ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿದಾಗ ಅಂತ ಬರೆದಿದೆ. ರಸ್ತೆ ಮೇಲೆ ಎಷ್ಟು?”

ಅವನು ಕೆಳತುಟಿ ಕಚ್ಚಿಕೊಂಡ. ನಗು ತಡೆಯುವಾಗ ಅವನ ಎಡಗೆನ್ನೆಯಲ್ಲಿ ಒಂದು ಗೆರೆ ಮೂಡುತ್ತದೆ. ಅದನ್ನು ನೋಡಿ ಬಹಳ ಕಾಲವಾಗಿತ್ತು. ನೋಡಿದೆನೆಂದು ಅವನಿಗೆ ತಿಳಿಯಬಾರದೆಂದು ಟೈರು ನೋಡಿದೆ.

“ನಮ್ಮನೇಲಿ ಹೀಗೇ,” ಎಂದ ಆಕೆಗೆ. “ದೊಡ್ಡಕ್ಷರ ನಾನು ಓದ್ತೀನಿ, ಚಿಕ್ಕಕ್ಷರ ಇವಳು.”

ನಮ್ಮನೇಲಿ. ಮಾತು ಹೊರಬಿದ್ದ ಮೇಲೆ ಅವನಿಗೂ ಕೇಳಿಸಿರಬೇಕು. ತಕ್ಷಣ ಬಗ್ಗಿ ಡಿಕ್ಕಿ ಎಷ್ಟು ಆಳವಿದೆ ಎಂದು ನೋಡತೊಡಗಿದ.

ಬಿಳಿ ಕಾರು ನನಗೆ ಎಂದುಕೊಂಡಿದ್ದೆವು. ಅವನು ಸ್ಟೀರಿಂಗ್ ಹಿಂದೆ ಕೂತ, ನಾನು ಪಕ್ಕದಲ್ಲಿ ಕೂತೆ. ಹೊಸ ಪ್ಲಾಸ್ಟಿಕ್ಕಿನ ವಾಸನೆ. ಬಾಗಿಲು ಮುಚ್ಚಿದೊಡನೆ ಶೋರೂಮಿನ ಗದ್ದಲ ನಿಂತುಹೋಯಿತು, ಮತ್ತು ಅವನ ಉಸಿರು ನನಗೆ ಸ್ಪಷ್ಟವಾಗಿ ಕೇಳಿಸಿತು.

“ನಿನ್ನ ಮೊಣಕಾಲು ತಾಗ್ತಿದೆ,” ಎಂದೆ.

“ಸೀಟು ಹಿಂದೆ ತಳ್ಳಿದೀನಿ. ಇನ್ನು ತಳ್ಳಿದ್ರೆ ಹಿಂದಿನ ಬೀದಿಗೆ ಹೋಗ್ತೀನಿ.”

“ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ.”

“ಕಾಲಿದ್ದಷ್ಟು ಹಾಸಿಗೆ ಹುಡುಕೋಕೆ ತಾನೇ ಬಂದಿರೋದು?”

“ಇದು ಬೇಡ,” ಎಂದು ನಾನು ಕೆಳಗಿಳಿದೆ.

ಅವನಿಗೆಂದು ನೋಡಿದ್ದು ಸ್ವಲ್ಪ ದೊಡ್ಡದು, ಬೂದು ಬಣ್ಣದ್ದು. ಹಿಂದಿನ ಸೀಟಿಗೂ ಎಸಿ ಗಾಳಿ, ತಲೆಯ ಮೇಲೆ ಗಾಜಿನ ಸನ್‌ರೂಫ್, ಅಂಗೈಗಿಂತ ದೊಡ್ಡ ಟಚ್ ಸ್ಕ್ರೀನ್. ಅವನು ಎಡಗಡೆಯ ಕಿಟಕಿಯನ್ನು ಮೂರು ಸಲ ಇಳಿಸಿ ಏರಿಸಿದ.

“ಗ್ಲಾಸ್ ಪೂರ್ತಿ ಇಳಿಯಲ್ಲ,” ಎಂದ. “ಗಾಳಿ ಬರ್ದಿದ್ರೆ ಇವಳಿಗೆ ತಲೆ ಸುತ್ತುತ್ತೆ. ಬೇರೆ ತೋರ್ಸಿ.”

ಶೋರೂಮಿನಾಕೆ ನಮ್ಮಿಬ್ಬರನ್ನೂ ಒಮ್ಮೆ ನೋಡಿದಳು. ಮುಂದಿನ ಕಾರಿನತ್ತ ನಡೆದಳು. ಎತ್ತರದ ಚಪ್ಪಲಿ ಕಚ್ಚುತ್ತಿತ್ತೋ ಏನೋ, ಹೆಜ್ಜೆ ಕುಂಟುತ್ತಿತ್ತು.

“ಇದನ್ನ ಐದಾರು ವರ್ಷ ಬಿಟ್ಟು ಮಾರಿದ್ರೆ ಎಷ್ಟು ಬರುತ್ತೆ?” ನಾನು ಕೇಳಿದೆ.

“ರೀಸೇಲ್‌ಗೆ ಚಿಕ್ಕದೇ ವಾಸಿ ಮೇಡಂ. ಬೇಗ ಗಿರಾಕಿ ಸಿಗ್ತಾರೆ. ಬಿಳಿ, ಬೆಳ್ಳಿ ಬಣ್ಣ ಆದ್ರೆ ಇನ್ನೂ ಒಳ್ಳೇದು. ಈ ಮಿಡ್‌ಸೈಜ್ ಗಾಡಿ ಆರಾಮ ಕೊಡುತ್ತೆ, ಆದ್ರೆ ಬೆಲೆ ಬೇಗ ಇಳಿಯುತ್ತೆ. ಸನ್‌ರೂಫ್‌ಗೆ ಈಗ ಜಾಸ್ತಿ ಕೊಡ್ತೀರಾ, ಮಾರೋವಾಗ ಅದಕ್ಕೆ ಯಾರೂ ಜಾಸ್ತಿ ಕೊಡಲ್ಲ.”

“ನೋಡಿದ್ಯಾ,” ಎಂದೆ ಅವನಿಗೆ.

“ತಗೊಳ್ಳೋಕೆ ಮೊದಲೇ ಮಾರೋ ದಿನದ ಚಿಂತೆ ನಿನಗೆ,” ಎಂದ ಅವನು.

“ಕೊನೆ ಗೊತ್ತಿದ್ರೆ ಒಂಥರಾ ಧೈರ್ಯ.”

“ಅಲ್ಲೀವರೆಗೂ ಕೂತು ಓಡಾಡೋರಿಗೆ ಏನಿರುತ್ತೆ?”

ಚುಚ್ಚಬೇಕೆಂದು ಹೇಳಿದ್ದಲ್ಲ, ನನಗೆ ಗೊತ್ತು. ಆದರೂ ಮಾತು ಒಳಗೆ ಎಲ್ಲೋ ಹೋಗಿ ಕೂತಿತು. ಅವನು ಬೆಳಿಗ್ಗೆ ಮನೆಯಿಂದ ಹೊರಡುವಾಗಲೇ ನಾನು ಅವನು ಬಿದ್ದ ಸುದ್ದಿ ಕೇಳಿದವಳಂತೆ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತಿರುತ್ತಿದ್ದೆ, ಮನಸ್ಸಿನಲ್ಲಿ. ಅವನು ನಗುತ್ತಾ ಸಂಜೆ ವಾಪಸು ಬಂದಾಗಲೂ ನಾನು ಆ ಕಾರಿಡಾರಿನಿಂದ ಪೂರ್ತಿ ಹಿಂತಿರುಗಿರುತ್ತಿರಲಿಲ್ಲ. ಅಂಥವಳ ಜೊತೆ ಊಟಕ್ಕೆ ಕೂತವನಿಗೆ ಏನಿರುತ್ತದೆ?

ಅಷ್ಟರಲ್ಲಿ ನನ್ನ ಫೋನು ರಿಂಗಾಯಿತು. ನಾದಿನಿ. ನಮ್ಮ ವಿಷಯ ಅವಳಿಗೆ ಇನ್ನೂ ಗೊತ್ತಿಲ್ಲ. ಹೇಳುವುದು ಅವನ ಪಾಲಿಗೆ ಬಿದ್ದಿತ್ತು, ಅವನು ಹೇಳಿರಲಿಲ್ಲ.

“ಅತ್ತಿಗೆ, ಅಣ್ಣ ಕಾರು ತಗೊಳ್ತಿದ್ದಾನಂತೆ? ಅವನ ಕೈಗೆ ಬಿಟ್ರೆ ಲಿಫ್ಟ್ ಥರದ್ದೇ ತಗೊಂಡು ಬರ್ತಾನೆ. ಸ್ಟೀಲ್ ಬಣ್ಣ, ಒಳಗೊಂದು ಟ್ಯೂಬ್‌ಲೈಟ್. ನೀವೇ ನಿಂತು ಆರಿಸಿ.”

“ನಿಂತಿದೀನಿ,” ಎಂದೆ.

“ನೀವಿದ್ರೆ ಬಿಡಿ, ನಂಗೆ ಚಿಂತೆ ಇಲ್ಲ.” ಅವಳು ಫೋನಿಟ್ಟಳು. ಸ್ಪೀಕರಿನಲ್ಲಿ ಇರಲಿಲ್ಲ, ಆದರೂ ಅವನಿಗೆ ಕೇಳಿಸಿತ್ತು. ಅವನ ತಂಗಿಯ ದನಿ ಅಂಥದ್ದು.

ನಮ್ಮ ಹಳೇ ಕಾರಿಗೆ ಬೆಲೆ ಕಟ್ಟಲು ಹೋಗಿದ್ದವರು ಹೊರಗಿನಿಂದ ಬಂದರು. ಕೈಯ ಧೂಳು ಒರೆಸಿಕೊಳ್ಳುತ್ತಾ, “ಗಾಡಿ ಚೆನ್ನಾಗಿ ನೋಡ್ಕೊಂಡಿದೀರಾ,” ಎಂದರು. “ಬಾಗಿಲ ಹತ್ರ ಒಂದೆರಡು ಕಡೆ ನೆಗ್ಗಿದೆ. ಎಂಜಿನ್ ಗಟ್ಟಿ ಇದೆ. ಮಾರ್ಲೇಬೇಕು ಅಂತಿಲ್ಲ, ಇನ್ನೂ ಓಡುತ್ತೆ. ಮಾರೋದಾದ್ರೆ ಇಷ್ಟು ಬರುತ್ತೆ.” ಒಂದು ಸಂಖ್ಯೆ ಹೇಳಿದರು. ಅಷ್ಟು ಬರುತ್ತದೆಂದು ನಾವಿಬ್ಬರೂ ಎಣಿಸಿರಲಿಲ್ಲ. ಸಂತೋಷಪಡಬೇಕಿತ್ತು.

ಶೋರೂಮಿನಾಕೆ ನಮ್ಮನ್ನು ಮೇಜಿನ ಹತ್ತಿರ ಕೂರಿಸಿದಳು. ಕೆಳಗೆ ಚಪ್ಪಲಿ ಕಳಚಿದ್ದು ನನಗೆ ಕಂಡಿತು.

“ಬೇಜಾರು ಮಾಡ್ಕೋಬೇಡಿ, ಒಂದು ಮಾತು ಕೇಳ್ತೀನಿ,” ಎಂದಳು. “ಬಿಳಿ ಕಾರು ನಿಮಗೆ ಅಂದ್ರಿ ಮೇಡಂ. ಸರ್ ಕಾಲು ಹಿಡಿಸಲ್ಲ ಅಂತ ನೀವೇ ಬೇಡ ಅಂದ್ರಿ. ಬೂದು ಬಣ್ಣದ್ದು ಸರ್‌ಗೆ ಅಂದ್ರಿ. ನಿಮಗೆ ಗಾಳಿ ಸಾಲಲ್ಲ ಅಂತ ಅವರು ಬೇಡ ಅಂದ್ರು. ಆಮೇಲೆ ನೋಡಿದ್ದೂ ಹಾಗೇ ಆಯ್ತು. ಇಷ್ಟು ಹೊತ್ತು ಕಾರು ನೋಡಿದ್ರಿ, ನಿಮ್ಮ ಕಾರಲ್ಲಿ ಒಂದ್ಸಲಾನೂ ನೀವು ಸ್ಟೀರಿಂಗ್ ಹಿಡಿದು ಕೂತಿಲ್ಲ. ಎಲ್ಲಾ ಗಾಡೀಲೂ ಇಬ್ಬರೂ ಒಟ್ಟಿಗೇ ಕೂರೋದಾದ್ರೆ ಎರಡು ಯಾಕೆ ಮೇಡಂ? ನಂಗೆ ಟಾರ್ಗೆಟ್ ಇದೆ, ಎರಡು ಮಾರಿದ್ರೆ ಒಳ್ಳೇದೇ. ಆದ್ರೂ ಕೇಳ್ತೀನಿ.”

ನಾನು ಬ್ರೋಷರಿನ ಮೂಲೆಯನ್ನು ಮಡಿಸಿದೆ, ಬಿಡಿಸಿದೆ. ಅವನು ಮೇಜಿನ ಮೇಲಿದ್ದ ಪೆನ್ನನ್ನು ನೋಡುತ್ತಿದ್ದ. ಅವನ ಕಿವಿ ಕೆಂಪಾಗಿತ್ತು.

“ಇವಳು ಓಡಿಸ್ಲಿ,” ಎಂದ ಕೊನೆಗೆ. “ಒಂದು ಟೆಸ್ಟ್ ಡ್ರೈವ್. ಇವಳೇ ಓಡಿಸ್ಲಿ.”

ಹೀಗೆ ನಾನು ಬಿಳಿ ಕಾರಿನ ಚಾಲಕಿಯಾದೆ. ಅವನು ಎಡಗಡೆ ಕೂತ, ಮೊಣಕಾಲು ಡ್ಯಾಶ್‌ಬೋರ್ಡಿಗೆ ಒತ್ತಿ. ಶೋರೂಮಿನಾಕೆ ಹಿಂದೆ. ಸಂಜೆಯ ಬಿಸಿಲು ಗಾಜಿನ ಮೇಲೆ ಓರೆಯಾಗಿ ಬೀಳುತ್ತಿತ್ತು. ಮೊದಲೆಲ್ಲ ನಾನು ಓಡಿಸಿದರೆ ಅವನು ಪಕ್ಕದಲ್ಲಿ ಕೂತು ಇಲ್ಲದ ಬ್ರೇಕನ್ನು ಒತ್ತುತ್ತಿದ್ದ. ಇವತ್ತೂ ಒತ್ತುತ್ತಾನೆ ಎಂದು ಕಾದೆ. ಒಂದು ಬಸ್ಸು ಅಡ್ಡ ಬಂತು, ಒಬ್ಬ ಸೈಕಲ್ಲಿನವನು ನುಗ್ಗಿದ. ಅವನ ಪಾದ ಅಲುಗಲಿಲ್ಲ.

ತಿರುಗಿ ನೋಡಿದರೆ ನಿದ್ದೆ ಹೋಗಿದ್ದ.

ತೂಕಡಿಕೆಯಲ್ಲ, ಗಾಢ ನಿದ್ದೆ. ತಲೆ ಕಿಟಕಿಯ ಕಡೆ ವಾಲಿತ್ತು. ಅಂಗೈ ತೊಡೆಯ ಮೇಲೆ ತೆರೆದುಕೊಂಡಿತ್ತು, ಗೆರೆಗಳಲ್ಲಿ ಎಷ್ಟು ತೊಳೆದರೂ ಹೋಗದ ಗ್ರೀಸು. ಗಡ್ಡದಲ್ಲಿ ನನಗೆ ಪರಿಚಯವಿಲ್ಲದ ನಾಲ್ಕು ಬಿಳಿ ಕೂದಲು. ನಾನಿಲ್ಲದ ಮನೆಯಲ್ಲಿ ಇವನು ಸರಿಯಾಗಿ ಮಲಗುತ್ತಿರಲಿಲ್ಲವೇ? ಇವನ ಹೊರೆ ಇಳಿಸಿ ಹೋದೆ ಎಂದುಕೊಂಡಿದ್ದೆನಲ್ಲ.

“ಯೂ ಟರ್ನ್ ಇಲ್ಲೇ ಮೇಡಂ,” ಎಂದಳು ಶೋರೂಮಿನಾಕೆ. ಆಮೇಲೆ ಮುಂದಕ್ಕೆ ಬಾಗಿ ಅವನನ್ನು ನೋಡಿ, ದನಿ ತಗ್ಗಿಸಿದಳು. “ಮುಂದಿನದ್ರಲ್ಲಿ ತಗೊಳ್ಳಿ.”

ಮುಂದಿನದೂ ಹೋಯಿತು. ಅದರ ಮುಂದಿನದೂ. ಗುಂಡಿ ಕಂಡರೆ ತಪ್ಪಿಸಿದೆ, ಬ್ರೇಕನ್ನು ಹಾಲಿನ ಪಾತ್ರೆ ಇಳಿಸುವಂತೆ ಮೆಲ್ಲಗೆ ಒತ್ತಿದೆ. ಕಾರು ಹೇಗಿದೆ, ಕ್ಲಚ್ಚು ಹಗುರವೋ ಬಿಗಿಯೋ, ಇವತ್ತಿಗೂ ನನ್ನನ್ನು ಕೇಳಿದರೆ ಹೇಳಲಾರೆ. ಕೊನೆಗೆ ಪೆಟ್ರೋಲ್ ದೀಪ ಹತ್ತಿಕೊಂಡಿತು. ಬಂಕಿನಲ್ಲಿ ನಿಲ್ಲಿಸಿದೆ. ಆಕೆ ಬರಿಗಾಲಲ್ಲೇ ಇಳಿದು, ಬಾಗಿಲನ್ನು ಸದ್ದಾಗದಂತೆ ಮುಚ್ಚಿ, ಬಂಕಿನವನ ಹತ್ತಿರ ಹೋದಳು.

ಎಂಜಿನ್ ನಿಂತದ್ದಕ್ಕೆ ಅವನಿಗೆ ಎಚ್ಚರವಾಯಿತು.

“ಎಲ್ಲಿದೀವಿ?”

“ಗೊತ್ತಿಲ್ಲ.”

ಕಣ್ಣುಜ್ಜಿಕೊಂಡ. “ಎಬ್ಬಿಸಬಾರದಿತ್ತಾ?”

“ಮನಸಾಗಲಿಲ್ಲ.”

ಅವನು ಅಂಗೈಯನ್ನೇ ನೋಡುತ್ತಾ ಕೂತ. “ಮೊದಲು ಮೇಲೆ ಬಂದ ತಕ್ಷಣ ನಿನಗೆ ಫೋನ್ ಮಾಡಿ ‘ಬಂದೆ’ ಅಂತಿದ್ದೆ,” ಎಂದ ನಿಧಾನಕ್ಕೆ. “ಬೈಕೊಂಡೇ ಮಾಡ್ತಿದ್ದೆ. ಈಗ ಮೇಲೆ ಬರ್ತೀನಿ, ಕೈ ತೊಳ್ಕೋತೀನಿ, ಹೋಗ್ತೀನಿ. ಬಂದೆ ಅಂತ ಅನ್ಸೋದೇ ಇಲ್ಲ. ಇನ್ನೂ ಕೆಳಗೇ ಇದೀನಿ ಅನ್ಸುತ್ತೆ.”

ನಾನು ಪದಗಳನ್ನು ತೂಗಿ ಆಡುವವಳು. ಆ ಹೊತ್ತಿನಲ್ಲಿ ತೂಗಲು ಒಂದೂ ಸಿಗಲಿಲ್ಲ. ಇದ್ದದ್ದನ್ನೇ ಹೇಳಿದೆ.

“ನನ್ನ ಭಯ ಹೋಗಿಲ್ಲ. ರೂಮಲ್ಲಿ ಕೂತು ಅಷ್ಟೇ ಹೆದರ್ತೀನಿ. ನಿನಗೆ ಕಾಣಲ್ಲ, ಅಷ್ಟೇ. ಇನ್ಮೇಲೆ ಬದಲಾಗ್ತೀನಿ ಅಂದ್ರೆ ಸುಳ್ಳಾಗುತ್ತೆ.”

“ಬದಲಾಗು ಅಂತ ಯಾರು ಕೇಳಿದ್ರು? ಹತ್ತು ಸಲ ಫೋನ್ ಮಾಡ್ಬೇಡ. ಒಂದ್ಸಲ ಮಾಡು.”

“ಎರಡು.”

“ಚೌಕಾಸಿ ಮಾಡ್ತೀಯಾ?”

“ಶೋರೂಮಿಂದ ಬಂದೋರು ಇನ್ನೇನು ಮಾಡ್ತಾರೆ?”

ಅವನು ನಕ್ಕ. ತಡೆದುಕೊಳ್ಳದೆ, ಸದ್ದು ಮಾಡಿ, ಸುಸ್ತಾದ ಮನುಷ್ಯ ನಗುವ ಹಾಗೆ, ಅರ್ಧಕ್ಕೇ ಉಸಿರು ಮುಗಿದುಹೋಗಿ. ಆಮೇಲೆ ಗೇರಿನ ಮೇಲಿದ್ದ ನನ್ನ ಕೈಯ ಮೇಲೆ ಕೈಯಿಟ್ಟ. ಒರಟು ಕೈ, ನಿದ್ದೆಯ ಬಿಸುಪು ಇನ್ನೂ ಆರಿರಲಿಲ್ಲ. ನಾನು ನನ್ನ ಕೈ ತಿರುಗಿಸಿ ಬೆರಳು ಹೆಣೆದೆ. ಶೋರೂಮಿನಾಕೆ ಬಂಕಿನ ಕಂಬಕ್ಕೆ ಒರಗಿ ಬೇಕೆಂದೇ ಆಚೆ ನೋಡುತ್ತಿದ್ದಳು.

ಶೋರೂಮಿಗೆ ವಾಪಸು ಬಂದಾಗ ಆಕೆಯೇ ಕೇಳಿದಳು. “ಹಾಗಾದ್ರೆ ಎರಡೂ ಇಲ್ಲ ಅನ್ನಿ.”

“ಸಾರಿ,” ಎಂದ ಅವನು. “ಇಡೀ ಸಂಜೆ ಹಾಳು ಮಾಡಿದ್ವಿ ನಿಮ್ದು.”

“ಇವತ್ತು ನಾನು ನೆಮ್ಮದಿಯಾಗಿ ಕೂತಿದ್ದು ಅಂತ ಇದ್ರೆ ನಿಮ್ಮ ಟೆಸ್ಟ್ ಡ್ರೈವಲ್ಲೇ ಸರ್.” ಆಕೆ ಚಪ್ಪಲಿ ಮೆಟ್ಟಿಕೊಂಡು, ಆಗ ತಾನೇ ಒಳಬಂದ ಗಿರಾಕಿಯತ್ತ ಕುಂಟುತ್ತಾ ಹೋದಳು.

ಹೊರಗೆ ನಮ್ಮ ಹಳೇ ಕಾರು ನಿಂತಿತ್ತು. ಅವನು ಸ್ಟೀರಿಂಗ್ ಹಿಡಿದ, ನಾನು ಪಕ್ಕದಲ್ಲಿ ಕೂತೆ. ದೊಡ್ಡ ಸಿಗ್ನಲ್ಲಿನಲ್ಲಿ ರಸ್ತೆ ಕವಲಾಗುತ್ತದೆ. ಬಲಕ್ಕೆ ಹೋದರೆ ಮನೆ. ಎಡಕ್ಕೆ ಹೋದರೆ ನನ್ನ ರೂಮು. ಹಸಿರು ದೀಪ ಬಂತು. ಅವನು ಯಾವ ಇಂಡಿಕೇಟರನ್ನೂ ಹಾಕಲಿಲ್ಲ. ಹಿಂದಿನವರು ಹಾರ್ನ್ ಒತ್ತತೊಡಗಿದರು.

“ಯಾವ ಕಡೆ?” ಎಂದ, ಮುಂದೆ ನೋಡುತ್ತಲೇ.

“ಎಡಕ್ಕೆ.”

ಅವನ ಮುಖ ಕಳೆಗುಂದಿತು. ಎಡಗಡೆಯ ಇಂಡಿಕೇಟರ್ ಹಾಕಿದ.

“ರೂಮಿಂದ ನನ್ನ ಬಟ್ಟೆ ತಗೋಬೇಕಲ್ಲ,” ಎಂದೆ. “ಗಾದಿ ನಾಳೆ ತಂದ್ರಾಯ್ತು.”