ಯಾರದೋ ಗಾಡಿ

"ನಮ್ಮ ಮನಿ ಹಿಂದ ಒಬ್ಬ ಪೋರ್ಕಿ ಇದ್ದಾನ್ರಿ," ಎಂದಳು ಸೌಜನ್ಯಾ, ಹೋಳಿಗೆಯ ತಟ್ಟೆಯನ್ನು ಎಡಗೈಗೆ ಬದಲಿಸಿಕೊಳ್ಳುತ್ತ. "ಸಂಡೇ ಬಂತಂದ್ರ ಸಾಕು, ಗಾಡಿ ಸ್ಟಾರ್ಟ್ ಮಾಡಿ ಗುರ್ ಗುರ್ ಅನಸ್ತಾನ. ನಾ ನೈಟ್ ಡ್ಯೂಟಿ ಮುಗಿಸಿ ಮಲಗಿರ್ತೀನಿ. ಕಿಟಕಿ ಗಾಜು ಸುದ್ಧಾ ನಡಗ್ತಾವ."

ಎದುರಿಗೆ ನಿಂತಿದ್ದ ಸುಶಾಂತ ಬಾಯಿಗೆ ಒಯ್ದ ಹೋಳಿಗೆಯನ್ನು ಮರಳಿ ತಟ್ಟೆಗಿಟ್ಟ.

"ಎಲ್ಲಿ ಬರ್ತದ್ರಿ ನಿಮ್ಮ ಮನಿ?"

"ಎಜ್‌ವೇರ್. ನಮ್ಮ ಹಿತ್ತಲದ ಹಿಂದ ಒಂದು ಸಾಲು ಗ್ಯಾರೇಜ್ ಅವ ನೋಡ್ರಿ, ಅಲ್ಲೇ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಸುಶಾಂತ ಹೆಗಲಿನ ಬದಲು ಜೇಬು ಮುಟ್ಟಿಕೊಂಡ. ಅಲ್ಲಿದ್ದ ಕೀಲಿಗಳನ್ನು ಸದ್ದಾಗದಂತೆ ಮುಷ್ಟಿಯಲ್ಲಿ ಹಿಡಿದ. ಆ ಸಾಲಿನ ಕೊನೆಯ ಗ್ಯಾರೇಜು ಅವನು ಬಾಡಿಗೆಗೆ ಹಿಡಿದದ್ದು. ಒಳಗಿರುವ ಗಾಡಿ ಅವನದು. ಪೋರ್ಕಿಯೂ ಅವನೇ.

ನಿದ್ದೆ ಸಾಲದ ದೊಡ್ಡ ಕಣ್ಣುಗಳನ್ನು ಅವನ ಮೇಲೆ ನೆಟ್ಟು, ಹೌದೋ ಅಲ್ಲವೋ ಹೇಳು ಎಂಬಂತೆ ಅವಳು ಕಾಯುತ್ತಿದ್ದಳು.

"ಖರೇರಿ," ಎಂದುಬಿಟ್ಟ ಸುಶಾಂತ. "ಅಂಥವ್ರಿಗೆ ನಾಚಿಕಿ ಅನ್ನೂದ ಇರೂದಿಲ್ಲ."

ಸೌಜನ್ಯಾ ನಕ್ಕಳು. ಒಂದು ಸುಳ್ಳಿಗೆ ಅಂಥ ನಗು ಸಿಗುವುದಾದರೆ ನಿಜ ಹೇಳುವ ಗಂಡಸು ಎಲ್ಲಿದ್ದಾನೆ, ತೋರಿಸಿ.

ಅದು ಲಂಡನ್ ಕನ್ನಡಿಗರ 2003ರ ಯುಗಾದಿಯ ಕೂಟ. ಬಾಡಿಗೆಗೆ ಹಿಡಿದ ಶಾಲೆಯ ಹಾಲ್, ಪ್ಲಾಸ್ಟಿಕ್ ಕುರ್ಚಿಗಳು, ಕೆಟ್ಟ ಮೈಕು. ಸೌಜನ್ಯಾ ಧಾರವಾಡದ ಡಾಕ್ಟರ್ ಜಗನ್ನಾಥರ ಮಗಳು, ತಾನೂ ಡಾಕ್ಟರ್. ಸುಶಾಂತ ವಿಜಾಪುರದವನು. ಪಾರ್ಕ್ ರಾಯಲ್‌ನ ಬ್ರೆಡ್ಡಿನ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. "ಪ್ರೊಡಕ್ಷನ್‌ನಾಗ ಇದ್ದೀನಿ" ಎಂದಷ್ಟೇ ಅವಳಿಗೆ ಹೇಳಿದ. ಏನು ಪ್ರೊಡಕ್ಷನ್ ಎಂದು ಅವಳು ಕೇಳಲಿಲ್ಲ, ಬ್ರೆಡ್ಡು ಎಂದು ಇವನು ಹೇಳಲಿಲ್ಲ.

ಗಾಡಿಯ ವಿಷಯವನ್ನು ಹೇಳಿಬಿಡುತ್ತೇನೆ. ಅಮೆರಿಕದಿಂದ ಬಂದ ಹಳೆಯ ಮಸ್ಟಾಂಗ್ ಕಾರು, ಸ್ಟೀರಿಂಗ್ ಎಡಕ್ಕೆ. ತುಕ್ಕು ಹಿಡಿದ ಬರೀ ತಗಡಿನ ಡಬ್ಬಿಯನ್ನು ತಂದು, ವರ್ಷಗಟ್ಟಲೆ ರಜೆಯ ದಿನಗಳನ್ನೆಲ್ಲ ಸುರಿದು, ಸುಶಾಂತ ಅದಕ್ಕೆ ಜೀವ ತುಂಬಿದ್ದ. ಅರಿಶಿನದ ಬಣ್ಣ ಬಳಿದಿದ್ದ. ಅವನ ತಾಯಿ ಗಿರಿಜಾದೇವಿ ಅದಕ್ಕೆ ಹಳದವ್ವ ಎಂದು ಹೆಸರಿಟ್ಟಿದ್ದಳು. ಲಂಡನ್ನಿನ ನಮ್ಮ ಹೆಂಗಸರಿಗೆಲ್ಲ ಕುಬಸ ಹೊಲಿದುಕೊಡುವ ಆಕೆ, ಹಳದವ್ವನ ಬರಿಯ ಸೀಟುಗಳನ್ನು ಕಂಡು, "ಹೆಣ್ಮಗಳಿಗೆ ಮೈಮ್ಯಾಲ ಬಟ್ಟಿ ಬ್ಯಾಡೇನೋ?" ಎಂದು ಗುಳೇದಗುಡ್ಡದ ನೀಲಿ ಖಣದಲ್ಲಿ ಕವರು ಹೊಲಿದಿದ್ದಳು. ಹೊರಗೆ ಗುಡುಗುವ ಗಾಡಿ, ಒಳಗೆ ಕುಬಸದ ಬಟ್ಟೆ. ಗೆಳೆಯರು ನಕ್ಕಾಗ ಸುಶಾಂತನೂ ನಗುತ್ತಿದ್ದ. ಆಮೇಲೆ ಒಬ್ಬನೇ ಕೂತು ಸೀಟಿನ ಹೂಗಳ ಮೇಲೆ ಕೈಯಾಡಿಸುತ್ತಿದ್ದ.

ಆ ಯುಗಾದಿಯ ನಂತರ ಭಾನುವಾರಗಳು ಮೌನವಾದವು.

ಸೌಜನ್ಯಾಳ ಜೊತೆ ಅವನು ಟ್ಯೂಬಿನಲ್ಲೇ, ಎಂದರೆ ನೆಲದಡಿಯ ರೈಲಿನಲ್ಲೇ, ಓಡಾಡಿದ. ಟೂಟಿಂಗ್‌ನಲ್ಲಿ ಮಸಾಲೆ ದೋಸೆ ತಿಂದು ಹತ್ತಿದರೆ ಎಜ್‌ವೇರ್‌ವರೆಗೆ ಒಂದೇ ಲೈನು. ಸುರಂಗದ ಕತ್ತಲಲ್ಲಿ ಎದುರಿನ ಕಿಟಕಿ ಕನ್ನಡಿಯಾಗುತ್ತಿತ್ತು. ನೇರ ನೋಡಲು ಧೈರ್ಯ ಸಾಲದೆ ಸುಶಾಂತ ಆ ಗಾಜಿನಲ್ಲಿ ಅವಳನ್ನು ನೋಡುತ್ತಿದ್ದ. ಅವಳು ಪೇಪರ್ ಓದುತ್ತಿದ್ದಾಳೆ ಎಂದುಕೊಂಡು ಧಾರಾಳವಾಗಿ ನೋಡುತ್ತಿದ್ದಾಗ, ಗಾಜಿನೊಳಗಿನ ಸೌಜನ್ಯಾ ತಲೆ ಎತ್ತದೆಯೇ ಕಣ್ಣು ಮಾತ್ರ ಎತ್ತಿ, ನಾಲಿಗೆಯ ತುದಿ ತೋರಿಸಿ, ಮತ್ತೆ ಪೇಪರಿಗೆ ಹೋದಳು. ಅವನ ಕಿವಿಗಳು ಕೆಂಪಾದವು.

"ನಿನಗ ಗಾಡಿ ನಡಸ್ಲಿಕ್ಕೆ ಬರೂದಿಲ್ಲೇನು?" ಎಂದು ಒಮ್ಮೆ ಕೆಣಕಿದಳು.

"ಟ್ಯೂಬ್ ಇದ್ದಲ್ಲಿ ಗಾಡಿ ಯಾಕ?"

"ಕರೆಕ್ಟ್. ಅಂದ್ಹಂಗ, ನಮ್ಮ ಹಿತ್ತಲದ ಪೋರ್ಕಿ ಸುಧಾರಿಸ್ಯಾನ ನೋಡು. ಈಗ ಸಂಡೇ ಏನೂ ಕೇಳಸೂದ ಇಲ್ಲ."

ಸುಶಾಂತ ನಕ್ಕ. ಆ ರಾತ್ರಿ ಊಟ ರುಚಿಸಲಿಲ್ಲ. ಸ್ವಂತ ಮಗುವನ್ನು ಕೋಣೆಯಲ್ಲಿ ಕೂಡಿಹಾಕಿ ಅತಿಥಿಗಳೊಡನೆ ಹರಟೆ ಹೊಡೆದವನಂತೆ ಅವನಿಗೆ ತನ್ನ ಮೇಲೆ ಹೇಸಿಗೆಯಾಗಿತ್ತು.

ಸೆಪ್ಟೆಂಬರಿನಲ್ಲಿ ಅವಳೇ ಕೇಳಿದಳು, "ದಸರಾ ಮುಗಿದ ಮ್ಯಾಲೆ ಮನಿಗೆ ಬರ್ತೀಯೇನು? ಅಪ್ಪನ ಜೋಡಿ ಮಾತಾಡ್ಲಿಕ್ಕೆ?"

ಆ ಪ್ರಶ್ನೆಗಾಗಿ ಅವನು ಎಷ್ಟು ಕಾದಿದ್ದನೋ ಅಷ್ಟೇ ಹೆದರಿದ. ಡಾಕ್ಟರ ಮನೆಯ ಅಳಿಯ, ಹಿತ್ತಲಿನ ಪೋರ್ಕಿ! ಗಾಡಿಯೇ ಇಲ್ಲವಾದರೆ ಸುಳ್ಳೂ ಇಲ್ಲವಾಗುತ್ತದೆ ಎಂದು ಲೆಕ್ಕ ಹಾಕಿ ಮರುದಿನವೇ ಹಳದವ್ವನ ಮಾರಾಟಕ್ಕೆ ಜಾಹೀರಾತು ಕೊಟ್ಟ. ತಾಯಿಗೆ ಹೇಳಲಿಲ್ಲ.

ಎಸೆಕ್ಸ್‌ನ ಡೆರೆಕ್ ಎಂಬಾತ ಶನಿವಾರ ಮಧ್ಯಾಹ್ನ ಬರುತ್ತೇನೆಂದ. ಅಂದು ಮಹಾನವಮಿ, ಆಯುಧಪೂಜೆಯ ದಿನ. ಬೆಳಿಗ್ಗೆಯೇ ಗಿರಿಜಾದೇವಿ ತಲೆಗೆ ಸ್ನಾನ ಮಾಡಿ, ತಾನೇ ಹೊಲಿದ ಖಣದ ಕುಬಸ ತೊಟ್ಟು, ಪೂಜೆಯ ತಾಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ನಡಿ. ಖಂಡೇ ಪೂಜಿ ದಿನ ಹಳದವ್ವಗ ಕುಂಕುಮ ಹಚ್ಚದ ಬಿಟ್ರ ಹೆಂಗ?"

ಡೆರೆಕ್ ಬರುವಷ್ಟರಲ್ಲಿ ಮುಗಿಸಿಬಿಡೋಣ, ಸೌಜನ್ಯಾ ಹೇಗೂ ಡ್ಯೂಟಿಯಲ್ಲಿರುತ್ತಾಳೆ ಎಂದು ಹೊರಟ. ವಿಧಿಗೆ ಇಂಥ ಲೆಕ್ಕಗಳೆಂದರೆ ಬಲು ಪ್ರೀತಿ. ತಾಯಿ ಬಾನೆಟ್ಟಿಗೆ ಕುಂಕುಮ ಹಚ್ಚಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಡುತ್ತಿದ್ದಾಗಲೇ ಡೆರೆಕ್ ಬಂದಿಳಿದ. ಬಂದವನೇ ಸೀಟಿಗೆ ಹಾರಿ ಕೂತು, ಕೀಲಿ ತಿರುಗಿಸಿ, ಆಕ್ಸಿಲರೇಟರ್ ಒತ್ತಿಯೇ ಒತ್ತಿದ. ತಿಂಗಳುಗಟ್ಟಲೆ ಬಾಯಿ ಮುಚ್ಚಿಕೊಂಡಿದ್ದ ಹಳದವ್ವ ಓಣಿಗೆ ಓಣಿಯೇ ಎದ್ದು ಕೂರುವಂತೆ ಗರ್ಜಿಸಿದಳು.

ಹಿತ್ತಲಿನ ಗೇಟು ಧಡಾರನೆ ತೆರೆಯಿತು. ರಾತ್ರಿ ಪಾಳಿ ಮುಗಿಸಿ ಮಲಗಿದ್ದ ಸೌಜನ್ಯಾ, ಡ್ರೆಸ್ಸಿಂಗ್ ಗೌನ್ ಬಿಗಿಯುತ್ತ, ಕೂದಲು ಕೆದರಿಕೊಂಡು ಜಗಳಕ್ಕೇ ಬಂದಳು.

"ಎಕ್ಸ್‌ಕ್ಯೂಸ್ ಮಿ! ಸಮ್ ಆಫ್ ಅಸ್ ಆರ್ ಟ್ರೈಯಿಂಗ್ ಟು..." ಅಷ್ಟರಲ್ಲಿ ಅವನನ್ನು ಕಂಡಳು. ಸಿಟ್ಟೆಲ್ಲ ಕರಗಿ ಮುಖ ಅರಳಿತು. "ಸುಶಾಂತ? ನೀ ಇಲ್ಲೇ? ಯಾರ ಗಾಡಿ ಇದು?"

ಆ ಮುಖ ಅರಳದೆ ಇದ್ದಿದ್ದರೆ ಅವನು ನಿಜ ಹೇಳುತ್ತಿದ್ದನೋ ಏನೋ.

"ಯಾರದೋ," ಎಂದ. "ಇವ್ರದು. ನಾವು ಸುಮ್ನ... ಈ ದಾರೀಲೆ ಹೊಂಟಿದ್ವಿ."

ಎಂಜಿನ್ ನಿಂತಿತು. ಊದಿನಕಡ್ಡಿಯ ಹೊಗೆ ಮಾತ್ರ ಆಡುತ್ತಿತ್ತು. ಗಿರಿಜಾದೇವಿ ತಾಟು ಹಿಡಿದು ಮಗನ ಮುಖ ನೋಡಿದಳು, ಹುಡುಗಿಯ ಮುಖ ನೋಡಿದಳು. ಆಕೆಯ ಕೈ ಸಣ್ಣಗೆ ನಡುಗಿತು.

"ಹೌದವಾ," ಎಂದಳು. "ಯಾರದೋ ಐತಿ. ನಮ್ದಂತೂ ಗಾಡಿ ಇಲ್ಲ. ಖಂಡೇ ಪೂಜಿ ಅಲ್ಲೇನು ಇವತ್ತ? ಕಂಡ ಗಾಡಿಗೆ ಎರಡ ಬಟ್ಟು ಕುಂಕುಮ ಹಚ್ಚಿದೆ."

ಜನ್ಮದಲ್ಲಿ ಯಾರಿಗೂ ಸುಳ್ಳು ಹೇಳದ ಹೆಂಗಸು ಮಗನಿಗಾಗಿ ಅಷ್ಟು ಸಲೀಸಾಗಿ ಹೇಳಿದಳು. ಭೂಮಿ ಬಾಯಿ ಬಿಟ್ಟು ನುಂಗಬಾರದೆ ಎನ್ನಿಸಿತು ಸುಶಾಂತನಿಗೆ. ಎಜ್‌ವೇರಿನ ಭೂಮಿಗೆ ಅಂಥ ದಯೆ ಇರಲಿಲ್ಲ.

ಸೌಜನ್ಯಾ ತೆರೆದ ಬಾಗಿಲಿನೊಳಗೆ ಬಗ್ಗಿ ನೋಡಿದಳು. ನೀಲಿ ಖಣ, ಪುಟ್ಟ ಪುಟ್ಟ ಹೂವು. ತಿರುಗಿ ಗಿರಿಜಾದೇವಿಯ ಕುಬಸ ನೋಡಿದಳು. ಅದೇ ನೀಲಿ, ಅದೇ ಹೂವು. ಅವಳ ಮುಖ ಸುಶಾಂತನ ಕಣ್ಣೆದುರೇ ಮುಚ್ಚಿಕೊಂಡಿತು.

"ಸಾರಿ ಆಂಟಿ. ನಿದ್ದಿಗಣ್ಣಾಗ ಬಂದೆ," ಎಂದು ಆಕೆಗೆ ಮಾತ್ರ ಹೇಳಿ ಒಳಗೆ ಹೋದಳು. ಗೇಟನ್ನು ಮೆಲ್ಲಗೆ ಹಾಕಿದಳು. ಧಡಾರನೆ ಹಾಕಿದ್ದರೆ ಅವನು ತಾಳಿಕೊಳ್ಳುತ್ತಿದ್ದ.

ಇದಾವುದೂ ಅರ್ಥವಾಗದ ಡೆರೆಕ್ ಸೀಟು ತಟ್ಟಿ, "ಲವ್ಲಿ ಮೋಟರ್, ಮೇಟ್," ಎಂದ. "ಈ ಪರದೆ ಬಟ್ಟೆ ಎಲ್ಲ ಕಿತ್ತು ಕಸಕ್ಕೆ ಹಾಕಿಬಿಡ್ತೀನಿ. ಲೆದರ್ ಹಾಕಿಸಿದ್ರೆ ಬ್ಯೂಟಿಫುಲ್."

ಗಿರಿಜಾದೇವಿಗೆ ಇಂಗ್ಲಿಷ್ ಬಾರದಿದ್ದರೂ ಕೈಸನ್ನೆ ಅರ್ಥವಾಯಿತು. ಮಗ ಏಕೆ ಬೆಳಗಿನಿಂದ ಮುಖ ತಪ್ಪಿಸುತ್ತಿದ್ದ ಎಂಬುದೂ ಅರ್ಥವಾಯಿತು. "ಕೊಡೂದಿದ್ರ ಕೊಡಪಾ," ಎಂದಳು ತಾಟಿನ ಕುಂಕುಮ ಸರಿಮಾಡುತ್ತ. "ಪೂಜಿಯಂತೂ ಆತು."

ಸುಶಾಂತ ಕೀಲಿಗಾಗಿ ಕೈ ಚಾಚಿದ. ಈಗ ಮಾರಿದರೆ ಅವ್ವ ಹೇಳಿದ ಸುಳ್ಳು ನಿಜವೇ ಆಗಿಬಿಡುತ್ತಿತ್ತು: ನಮ್ದಂತೂ ಗಾಡಿ ಇಲ್ಲ. ಅದೊಂದನ್ನು ಅವನಿಂದ ಸಹಿಸಲಾಗಲಿಲ್ಲ.

"ಸಾರಿ. ನಾಟ್ ಫಾರ್ ಸೇಲ್," ಎಂದ.

ಅಷ್ಟು ದೂರದಿಂದ ಬಂದ ಡೆರೆಕ್ ಬೈದ. ಬೈಗುಳ ತನಗೆ ಸಲ್ಲಬೇಕಾದದ್ದೇ ಎಂದು ಸುಶಾಂತ ತಲೆ ತಗ್ಗಿಸಿ ಕೇಳಿಸಿಕೊಂಡ.

ಮನೆಗೆ ಬಂದು ತಾಯಿಯ ಕಾಲ ಬಳಿ ಕೂತ.

"ಆಕಿನ ಹೌದಲ್ಲೋ? ಫೋನ್ ಬಂದ್ರ ಹೊರಗ ಓಡ್ತಿಯಲ್ಲ, ಆ ಹುಡಿಗಿ?" ಎಂದಳು ಗಿರಿಜಾದೇವಿ. ಅವನು ತಲೆಯಾಡಿಸಿದ. "ನನಗ ಸಿಟ್ಟಿಲ್ಲಪಾ. ಆದ್ರ ಆಕಿ ಜೋಡಿ ನಾ ಆಡಿದ ಮೊದಲ್ನೇ ಮಾತ ಸುಳ್ಳಾತು. ಅದ ಒಂದು ಕೆಟ್ಟ ಅನಸ್ತು."

ಸುಶಾಂತ ಆಕೆಯ ಮಡಿಲಲ್ಲಿ ಮುಖ ಹುದುಗಿಸಿ ಚಿಕ್ಕ ಹುಡುಗನಂತೆ ಅತ್ತ.

ಮರುದಿನ ಬನ್ನಿ ಹಬ್ಬ. ನಮ್ಮ ಕಡೆ ವಿಜಯದಶಮಿಯಂದು ಮನೆಮನೆಗೆ ಹೋಗಿ ಬನ್ನಿ ಎಲೆ ಕೊಟ್ಟು "ಬಂಗಾರದಂಗ ಇರೂಣು" ಎನ್ನುವುದು ರೂಢಿ. ಬನ್ನಿ ಕೊಟ್ಟು ತೆಗೆದುಕೊಂಡ ಮೇಲೆ ಹಳೆಯ ಜಗಳ ಮುಗಿದಂತೆಯೇ. ಲಂಡನ್ನಿನಲ್ಲಿ ಬನ್ನಿ ಮರ ಎಲ್ಲಿಂದ ತರುವುದು? ಪಕ್ಕದ ಮನೆಯ ಬೇಲಿಯ ಎಲೆಗೇ ಇಲ್ಲಿ ಆ ಮರ್ಯಾದೆ. ಸುಶಾಂತ ಒಂದು ಹಿಡಿ ಎಲೆ ಕಿತ್ತು, ಮೊದಲು ತಾಯಿಗೆ ಕೊಟ್ಟು ಕಾಲಿಗೆ ಬಿದ್ದ. ಆಮೇಲೆ ಹಳದವ್ವನನ್ನು ಹೊರಗೆ ತೆಗೆದು, ಸದ್ದು ಅಡಗಿಸದೆ, ಡಾಕ್ಟರ್ ಜಗನ್ನಾಥರ ಮುಂಬಾಗಿಲಿಗೇ ತಂದು ನಿಲ್ಲಿಸಿದ.

ಬಾಗಿಲು ತೆರೆದ ಡಾಕ್ಟರು ಕನ್ನಡಕ ಸರಿಪಡಿಸಿಕೊಂಡರು. "ಯಾರ ಗಾಡಿಪಾ ಇದು?"

"ನಂದ್ರಿ," ಎಂದ ಸುಶಾಂತ. "ಸಂಡೇ ಮುಂಜಾನೆ ನಿಮ್ಮ ನಿದ್ದಿ ಕೆಡಸ್ತಿದ್ದಾಂವ ನಾನರಿ. ಒಳಗಿನ ಬಟ್ಟಿ ನಮ್ಮವ್ವ ಹೊಲಿದದ್ದು."

ಡಾಕ್ಟರು ಬಗ್ಗಿ ಒಳಗೆ ನೋಡಿದರು. "ಹೊರಗ ಹುಲಿ, ಒಳಗ ಕುಬಸ! ಭಾಳ ಛಂದ ಅದ," ಎಂದು ನಕ್ಕು, ಬನ್ನಿ ಇಸಿದುಕೊಂಡು, "ಸೌಜೂ, ಹೊರಗ ಬಾ," ಎಂದು ಕೂಗಿದರು.

ಸೌಜನ್ಯಾ ಬಂದಳು. ಅಳು ಮುಗಿಸಿದ ಕಣ್ಣು, ನಗು ಮರೆತ ತುಟಿ. ಅವನು ಚಾಚಿದ ಎಲೆಯನ್ನು ಅವಳು ಮುಟ್ಟಲಿಲ್ಲ.

"ಬನ್ನಿ ಇಸ್ಕೊಂಡ ಮ್ಯಾಲೆ ಜಗಳ ಆಡೂ ಹಂಗಿಲ್ಲ. ನಂದು ಜಗಳ ಇನ್ನೂ ಶುರುನೂ ಆಗಿಲ್ಲ. ಗಾಡಿ ತಗಿ."

ಬ್ರಾಕ್ಲಿ ಹಿಲ್ ರಸ್ತೆಯ ಏರಿನುದ್ದಕ್ಕೂ ಅವಳು ಬೈದಳು. ಕನ್ನಡ ಸಾಲದಾದಾಗ ಇಂಗ್ಲಿಷಿನಲ್ಲಿ, ಇಂಗ್ಲಿಷಿಗೆ ಖಾರ ಸಾಲದಾದಾಗ ಮತ್ತೆ ಕನ್ನಡದಲ್ಲಿ.

"ನಿಮ್ಮವ್ವನ ಕೈ ನಡಗ್ತಿತ್ತು. ನೀ ನೋಡಿದ್ಯೋ ಇಲ್ಲೋ?"

"ನೋಡಿದೆ."

"ನೋಡಿನೂ ಸುಮ್ನ ನಿಂತಿ."

"ಹೂಂ."

"ನಾಳೆ ಫ್ಯಾಕ್ಟರಿಯಾಗೋ ಪಾರ್ಟಿಯಾಗೋ ನನ್ನ ತೋರಿಸಿ ಯಾರಿಕಿ ಅಂದ್ರ, ಯಾರೋ ಅಂತೀಯೇನು?"

ಅವಳಿಗೆ ಫ್ಯಾಕ್ಟರಿಯೂ ಗೊತ್ತಿತ್ತು! ಸುಶಾಂತ ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದ, "ಗಾಡಿ ನಾಚಿಕಿ ಅಲ್ಲ ಸೌಜೂ ಅದು. ನಮ್ಮವ್ವ ಕುಬಸ ಹೊಲೀತಾಳ, ನಾ ಬ್ರೆಡ್ ಮಾಡಸ್ತೀನಿ, ನೀವೆಲ್ಲಾ ಡಾಕ್ಟರು. ಸೀಟ್ ನೋಡಿದ್ರ ಎಲ್ಲಾ ಕಾಣಸ್ತಿತ್ತು. ಅದಕ್ಕ ಮುಚ್ಚಿಟ್ಟೆ. ಅವ್ವನ ಮುಂದ ನಿಂತು ಅವ್ವನ್ನ ಮುಚ್ಚಿಟ್ಟೆ. ನನಗಿಂತ ನಾಚಿಕಿಗೇಡಿ ಯಾರೂ ಇಲ್ಲ. ಆದ್ರೂ ನಿನ್ನ ಮ್ಯಾಲಿನ ಪ್ರೀತಿ ಒಂದರಾಗ ಸುಳ್ಳಿಲ್ಲ."

ಮುಂದೆ ಎಲ್ ಬೋರ್ಡಿನ ಪುಟ್ಟ ಕಾರೊಂದು ಇರುವೆಯಂತೆ ಹೋಗುತ್ತಿತ್ತು. ಹಳದವ್ವ ಅದರ ಹಿಂದೆ ಗೊರಗೊರ ಎನ್ನುತ್ತ ತೆವಳಿದಳು.

"ದಾಟಿ ಹೋಗು," ಎಂದಳು ಸೌಜನ್ಯಾ ಕೊನೆಗೆ.

"ಸ್ಟೀರಿಂಗ್ ಎಡಕ್ಕೈತಿ. ಎದುರಿಗೆ ಬರೂ ಗಾಡಿ ನನಗ ಕಾಣಸೂದಿಲ್ಲ. ಬಲಕ್ಕ ಕೂತವ್ರು ನೋಡಿ ಹೇಳ್ಬೇಕು."

"ಇಷ್ಟ ದಿನ ಯಾರು ಹೇಳ್ತಿದ್ರು?"

"ಅವ್ವ."

ಎಲ್ ಬೋರ್ಡು ಎದುರಿಗೇ ತೂಗುತ್ತಿತ್ತು. ಹಿಂದಿನಿಂದ ಯಾರೋ ಹಾರ್ನ್ ಹೊಡೆದರು. ಸುಶಾಂತ ದಾಟಲಿಲ್ಲ, ನೋಡಿ ಹೇಳು ಎಂದು ಕೇಳಲೂ ಇಲ್ಲ. ಅವಳು ಬೇಡವೆಂದರೆ ಈ ಕಾರಿನ ಹಿಂದೆಯೇ ಹೀಗೇ ಹೋಗುವುದು ಎಂದುಕೊಂಡ.

ಆಗ ಸೌಜನ್ಯಾ ಕಿಟಕಿಯ ಗಾಜು ಇಳಿಸಿದಳು. ತಲೆ ಹೊರಗೆ ಚಾಚಿ, ಗಾಳಿಗೆ ಕಣ್ಣು ಕಿರಿದು ಮಾಡಿ, ರಸ್ತೆಯ ಉದ್ದಕ್ಕೂ ನೋಡಿದಳು.

"ಯಾರೂ ಇಲ್ಲ," ಎಂದಳು. "ಹೋಗು."

ಅವನು ಹೋದ. ಅವಳ ಮಾತೊಂದನ್ನೇ ನಂಬಿ, ಕಾಣದ ರಸ್ತೆಗೆ ಗಾಡಿ ನುಗ್ಗಿಸಿದ. ಎಲ್ ಬೋರ್ಡು ಹಿಂದೆ ಸರಿದು ಎದುರಿನ ದಾರಿ ಖಾಲಿಯಾದಾಗ, ಅವಳು ಅವನತ್ತ ನೋಡದೆ ಅಂಗೈ ಚಾಚಿದಳು.

"ಕೊಡು."

ಸುಶಾಂತ ಬಲಗೈಯಿಂದ ಜೇಬಿನ ಎಲೆ ತೆಗೆದು ಅಲ್ಲಿಟ್ಟ. ಸೌಜನ್ಯಾ ಎಲೆಯ ಜೊತೆಗೆ ಅವನ ಬೆರಳುಗಳನ್ನೂ ಹಿಡಿದುಕೊಂಡಳು.

"ಒಂದ ಕೈಲೆ ಈ ಗಾಡಿ ನಡಸ್ಲಿಕ್ಕೆ ಬರ್ತದೇನು?"

"ಇಲ್ಲ. ಗೇರ್ ಹಾಕ್ಬೇಕು."

"ಹಂಗಾರ ಬಾಜೂಕ ನಿಲ್ಲಸು," ಎಂದಳು.

ಸುಶಾಂತ ನಿಲ್ಲಿಸಿದ.