ಜಾಲರಿಯ ಈಚೆ

"ಏ, ಏ! ಜೆಂಟ್ಸ್ ಉಧರ್!"

ಸಮಿತ್ ಒಂದು ಕಾಲು ರೈಲಿನಲ್ಲಿ, ಇನ್ನೊಂದು ಕಾಲು ಡೋಂಬಿವಲಿ ಪ್ಲಾಟ್‌ಫಾರಮ್ಮಿನ ಮೇಲೆ ಇಟ್ಟುಕೊಂಡು ನಿಂತುಬಿಟ್ಟ. ಲೇಡೀಸ್ ಡಬ್ಬಿಯ ಬಾಗಿಲಿಗೆ ಅಡ್ಡವಾಗಿ ಗುಲಾಬಿ ಸಲ್ವಾರಿನ ಹೆಂಗಸೊಬ್ಬಳು ಕೈ ಚಾಚಿದ್ದಳು. ಅವಳನ್ನು ಅವನು ಈ ಡಬ್ಬಿಯಲ್ಲಿ ಹಿಂದೆಂದೂ ನೋಡಿರಲಿಲ್ಲ.

"ಆಂಟಿ, ಆಜ್ ಚಲ್ತಾ ಹೈ. ಆಜ್ ಪೂಜಾ ಹೈ," ಎಂದ ಸಮಿತ್, ಪೂಜೆಯ ದಿನ ಇದೆಲ್ಲ ನಡೆಯುತ್ತದೆ ಎಂದು ಬಹಳ ತಿಳಿದವನ ಹಾಗೆ. "ಇಧರ್ ಸಬ್ ಮುಝೇ ಪೆಹಚಾನ್ತೇ ಹೈಂ."

ಅಮ್ಮ ಜಯಲತಾ ಆಗಲೇ ಒಳಗೆ ಹೋಗಿದ್ದಳು. ಅವಳ ಹಿಂದಿನಿಂದ ಮಹಾದೇವಕ್ಕ ದನಿ ಎತ್ತಿದಳು. ವಿಜಾಪುರ ಕಡೆಯ ಮಹಾದೇವಕ್ಕ ಈ ಡಬ್ಬಿಗೆ ಒಡತಿಯಿದ್ದಂತೆ.

"ಬಿಡವಾ ಅವನ್ನ! ನಮ್ಮ ಹುಡುಗ ಅದಾನ. ಬಚ್ಚಾ ಹೈ, ಬಚ್ಚಾ!"

ಗುಲಾಬಿ ಸಲ್ವಾರಿನವಳು ಸಮಿತ್‌ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. "ಯೇ ಬಚ್ಚಾ ಹೈ? ಮೂಛ್ ಆ ರಹೀ ಹೈ ಇಸ್ಕೀ!"

ಮೀಸೆ ಬರುತ್ತಿದೆಯಂತೆ! ಡಬ್ಬಿಯ ತುಂಬ ನಗು ಎದ್ದಿತು. ಕಾಲೇಜಿಗೆ ಹೋಗುವ ನಿಕಿತಾ ದೀದಿ ಗೊಳ್ಳೆಂದಳು. ಮಹಾದೇವಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಅಮ್ಮನ ತುಟಿಯ ತುದಿಯೂ ಒಂದು ಚೂರು ಅಲುಗಿತು.

ಸಮಿತ್ ಕೆಳಗಿಳಿದ. ಗಾಡಿ ಹೊರಡುವ ಮೊದಲೇ ಪಕ್ಕದ ಬಾಗಿಲಿಗೆ ಓಡಿ ಗಂಡಸರ ಡಬ್ಬಿಯೊಳಗೆ ತೂರಿಕೊಂಡ. ಕಿವಿ ಬಿಸಿಯಾಗಿತ್ತು. ಬೇಡವೆಂದರೂ ಬೆರಳು ಮೇಲ್ದುಟಿಯನ್ನು ಮುಟ್ಟಿ ನೋಡಿತು.

ಈ ಡಬ್ಬಿಗೂ ಲೇಡೀಸ್ ಡಬ್ಬಿಗೂ ನಡುವೆ ಇದ್ದದ್ದು ಒಂದು ಕಬ್ಬಿಣದ ಜಾಲರಿ, ಅಷ್ಟೇ. ಎರಡು ಬೆರಳು ತೂರುವಷ್ಟು ದೊಡ್ಡ ತೂತುಗಳು. ಅದರಾಚೆ ಮಾವಿನ ಎಲೆ, ಚೆಂಡು ಹೂವಿನ ಮಾಲೆ, ಬಣ್ಣದ ಕಾಗದ ಎಲ್ಲ ಕಾಣುತ್ತಿತ್ತು. ನಾಳೆ ದಸರಾ. ರಜೆಯ ದಿನ ಯಾರೂ ಬರುವುದಿಲ್ಲವಲ್ಲ, ಹಾಗಾಗಿ ರೈಲಿನ ದಸರಾ ಯಾವಾಗಲೂ ಒಂದು ದಿನ ಮೊದಲೇ.

ಡೋಂಬಿವಲಿಯಿಂದ ಥಾಣೆ ಬರುವುದರೊಳಗೆ ಎಲ್ಲ ಮುಗಿಯಬೇಕು. ದೇವಿಯ ಫೋಟೊಗೆ ಹೂವು, ಒಂದು ಹಾಡು, ಆಮೇಲೆ ಪೇಢೆ. ಆದರೆ ಪೇಢೆ ಸುಮ್ಮನೆ ಸಿಗುವುದಿಲ್ಲ. ಹೋದ ದಸರೆಯಿಂದ ಈಚೆಗೆ ಮೊದಲ ಸಲ ಏನು ಮಾಡಿದೆ ಎಂದು ಪ್ರತಿಯೊಬ್ಬರೂ ಹೇಳಬೇಕು. ಅದು ಮಹಾದೇವಕ್ಕನ ಕಾನೂನು. ಹಳೆಯದನ್ನು ಹೇಳಿದರೆ, "ಇದು ಹ್ವಾದ ವರ್ಷದ್ದು! ತಾಜಾ ಕೊಡು!" ಎಂದು ಬೈಗುಳ ಬೀಳುತ್ತಿತ್ತು.

ಸಮಿತ್ ನರ್ಸರಿಯಿಂದಲೂ ಹೇಳುತ್ತ ಬಂದವನು. ಮೊದಲ ಸಲ ಶೂ ಲೇಸ್ ಕಟ್ಟಿದ್ದನ್ನು ಹೇಳಿದಾಗ ಇಡೀ ಡಬ್ಬಿ ಚಪ್ಪಾಳೆ ತಟ್ಟಿತ್ತು. ಹೋದ ವರ್ಷ, ಎರಡೂ ಕೈ ಬಿಟ್ಟು ಸೈಕಲ್ ಹೊಡೆದದ್ದು. ಅಮ್ಮನಿಗೆ ಆ ವಿಷಯ ಗೊತ್ತಾದದ್ದೂ ಆಗಲೇ. ಪೇಢೆಯ ಜೊತೆಗೆ ಒಂದು ಗುದ್ದು ಕೂಡ ಸಿಕ್ಕಿತ್ತು.

ಈ ವರ್ಷ ಹೇಳಲಿಕ್ಕೆ ಏನು ಕಡಿಮೆ? ಅಪ್ಪ ವಸಂತಕುಮಾರ ಸಾನಪಾಡಾದ ಹೋಟೆಲಿಗೆ ಮ್ಯಾನೇಜರ್ ಆಗಿ ಹೋದ ಮೇಲೆ ಮನೆಯ ಕೀಲಿ ಸಮಿತ್‌ನ ಕೊರಳಿಗೆ ಬಂದಿತ್ತು. ಮೊದಲೆಲ್ಲ ಥಾಣೆಯ ಶಾಲೆ ಬಿಟ್ಟ ಮೇಲೆ ಅಲ್ಲೇ ನೌಪಾಡಾದ ಮಾವನ ಹೋಟೆಲಿನಲ್ಲಿ, ಕೆಲಸ ಮುಗಿಸಿ ಬರುವ ಅಮ್ಮನಿಗಾಗಿ ಕಾಯಬೇಕಿತ್ತು. ಈಗ ಒಬ್ಬನೇ ರೈಲು ಹತ್ತಿ ಬಂದು, ಬೀಗ ತೆಗೆದು, ಹಾಲು ಬಿಸಿ ಮಾಡಿ ಕುಡಿಯುತ್ತಾನೆ. ಮೊದಲ ದಿನ ಕೀಲಿಯನ್ನು ಹೊರಗೆ ಬೀಗದಲ್ಲೇ ಬಿಟ್ಟು ಒಳಗೆ ಹಾಯಾಗಿ ಕಾರ್ಟೂನ್ ನೋಡಿದ್ದ. ಅದನ್ನು ಹೇಳಬೇಕಾಗಿಲ್ಲ.

ಶನಿವಾರವೊಂದರಲ್ಲಿ ಮಾವನ ಹೋಟೆಲಿನ ದೊಡ್ಡ ಕಾವಲಿಯ ಮೇಲೆ ದೋಸೆ ಹುಯ್ದಿದ್ದ. ಅದು ದುಂಡಗೂ ಇರಲಿಲ್ಲ, ಚೌಕವಾಗಿಯೂ ಇರಲಿಲ್ಲ. "ಇದನ್ನು ಗಿರಾಕಿಗೆ ಕೊಟ್ಟರೆ ಅಂಗಡಿ ಮುಚ್ಚಬೇಕು ಮಾರಾಯ," ಎಂದು ಮಾವ ತಾನೇ ತಿಂದಿದ್ದರು.

ಮತ್ತೆ ಇದು. ಗಂಡಸರ ಡಬ್ಬಿ.

ಜೂನ್‌ನಲ್ಲಿ ಹನ್ನೆರಡು ತುಂಬಿತು. ಶಾಲೆ ಶುರುವಾದ ದಿನ ಅಮ್ಮ, "ಇನ್ನು ನೀನು ಆಚೆ ಡಬ್ಬಿ ಹತ್ತಬೇಕು," ಎಂದಳು. ಸಮಿತ್ ಹೀರೋನ ಹಾಗೆ ಹತ್ತಿದ. ಆದರೆ ಲೇಡೀಸ್ ಡಬ್ಬಿಯಿಂದ ಅವನು ಥಾಣೆಯಲ್ಲಿ ಯಾವತ್ತೂ ತಾನಾಗಿ ಇಳಿದವನೇ ಅಲ್ಲ. "ಹುಡುಗನ್ನ ದಾಟಿಸ್ರಿ," ಎಂದು ಹೆಂಗಸರು ಅವನನ್ನು ಕೈಯಿಂದ ಕೈಗೆ ಬಾಗಿಲಿಗೆ ಮುಟ್ಟಿಸುತ್ತಿದ್ದರು. ಇಲ್ಲಿ ಯಾರೂ ದಾಟಿಸಲಿಲ್ಲ. ಥಾಣೆ ಬಂತು, ಹೋಯಿತು. ಸಮಿತ್ ಮುಲುಂಡ್‌ನಲ್ಲಿ ಇಳಿದು, ಕೆಂಪು ಡಬ್ಬಿಯ ಫೋನಿಗೆ ಒಂದು ರೂಪಾಯಿ ಹಾಕಿ ಅಮ್ಮನಿಗೆ ಹೇಳಿದ್ದ: "ಅಮ್ಮಾ, ಟೆನ್ಶನ್ ಬೇಡ. ನಾನು ಸ್ವಲ್ಪ ಮುಂದೆ ಬಂದಿದ್ದೇನೆ."

ಮರುದಿನ ಧರ್ಮಪಾಲ ಅಂಕಲ್ ಅವನಿಗೆ ವಿದ್ಯೆ ಕಲಿಸಿದರು. ಕಾರ್ಕಳದ ಕಡೆಯ ಧರ್ಮಪಾಲ ಅಂಕಲ್ ದಿನವೂ ಜಾಲರಿಗೆ ಬೆನ್ನು ಕೊಟ್ಟೇ ನಿಲ್ಲುತ್ತಿದ್ದರು. "ಕಳವಾ ಬರುವಾಗಲೇ ಮುಂದಿನವನ ಹತ್ರ ಕೇಳಬೇಕು, ಥಾಣೇ? ಅವ ಹೌದು ಅಂದ್ರೆ ಅವನ ಹಿಂದೆ ನಿಲ್ಲು. ಇಲ್ಲ ಅಂದ್ರೆ ಅವನನ್ನು ದಾಟು. ಬಾಯಿ ಇದ್ದವ ಇಳೀತಾನೆ, ಇಲ್ಲದವ ಕೊನೇ ಸ್ಟೇಷನ್ ವಿ.ಟಿ.ಗೆ ಹೋಗ್ತಾನೆ."

ಇವತ್ತೂ ಅಂಕಲ್ ಅಲ್ಲೇ ಇದ್ದರು. "ಎಂತ, ಮೀಸೆ ಸಾಹೇಬ್ರೇ?" ಎಂದರು. ಈ ಕಡೆಗೂ ಕೇಳಿಸಿತ್ತು!

ಸಮಿತ್ ತಿರುಗಿ, ಜಾಲರಿಗೆ ಬೆನ್ನು ಹಾಕಿ ನಿಂತ. ಆಗಲೇ ಅವನಿಗೆ ಗೊತ್ತಾದದ್ದು, ಎದೆಗೆ ಏನೋ ಚೌಕವಾದದ್ದು ಒತ್ತುತ್ತಿದೆ ಎಂದು.

ಬಟ್ಟೆಯ ಚೀಲ. ಅದರೊಳಗೆ ದೇವಿಯ ಫೋಟೊ!

ಗಾಜು ಹಾಕಿದ ಆ ಫೋಟೊವನ್ನು ವರ್ಷಕ್ಕೊಬ್ಬರಂತೆ ಮನೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಈ ವರ್ಷ ಅಮ್ಮನ ಪಾಳಿ. ಬೆಳಿಗ್ಗೆ, "ನಾನೇ ಹಿಡ್ಕೊಳ್ತೇನೆ," ಎಂದು ಹಟ ಮಾಡಿ ಅವನೇ ಹಿಡಿದುಕೊಂಡು ಬಂದಿದ್ದ.

ಕೋಪರ್ ದಾಟಿತು. ಜಾಲರಿಯಾಚೆ ಮಹಾದೇವಕ್ಕನ ದನಿ ಕೇಳಿಸಿತು. "ಜಯಾ, ದೇವಿನ್ನ ತಗೀ. ಹೂವಾ ಏರಸೋಣು."

ಸಮಿತ್ ಚೀಲವನ್ನು ಇನ್ನೂ ಗಟ್ಟಿಯಾಗಿ ಅಪ್ಪಿಕೊಂಡ. ಹುಡುಕಲಿ. ನಕ್ಕರಲ್ಲ, ಈಗ ಹುಡುಕಲಿ. ಮೀಸೆ ಬಂದವನು ಬೇಡ, ಅವನು ತಂದ ಫೋಟೊ ಮಾತ್ರ ಬೇಕೋ?

ಸೀಟಿನ ಕೆಳಗೆ ತಡಕಾಡಿದ್ದು ಕೇಳಿಸಿತು. ಮೇಲಿನ ರ‍್ಯಾಕಿನಿಂದ ಬ್ಯಾಗುಗಳನ್ನು ಇಳಿಸಿದ್ದು ಕೇಳಿಸಿತು. ದಿವಾದಲ್ಲಿ ಜನ ನುಗ್ಗಿದರು. ಸಮಿತ್ ಜಾಲರಿಗೆ ಅಂಟಿಕೊಂಡ. ಹೂವಿನ ವಾಸನೆ ಅವನ ಕುತ್ತಿಗೆಯ ಹಿಂದೆಯೇ ಇತ್ತು.

"ಇಷ್ಟ ವರ್ಷದಾಗ ಒಮ್ಮಿನೂ ಹಿಂಗ ಆಗಿಲ್ಲ ನೋಡು," ಎಂದಳು ಮಹಾದೇವಕ್ಕ. ಈಗ ಅವಳ ದನಿಯಲ್ಲಿ ನಗು ಇರಲಿಲ್ಲ. "ಮನ್ಯಾಗ ಮರ್ತು ಬಂದಿಯೇನು?"

ಸಮಿತ್ ಕಾದ. ಅಮ್ಮ ಈಗ ಹೇಳುತ್ತಾಳೆ: ಸಮಿತ್‌ನ ಹತ್ತಿರ ಇತ್ತು, ಅವನೇ ತೆಗೆದುಕೊಂಡು ಹೋದ.

"ನನ್ನದೇ ತಪ್ಪು ಅಕ್ಕಾ," ಎಂದಳು ಅಮ್ಮ. "ಗಡಿಬಿಡಿಯಲ್ಲಿ ನಾನು ನೋಡಲಿಲ್ಲ."

ಸಮಿತ್ ಗಿರ್ರೆಂದು ತಿರುಗಿದ. "ಇಲ್ಲಿದೆ! ದೇವಿ ಇಲ್ಲಿದ್ದಾಳೆ!"

ಕೂಗು ಶುರುವಾದದ್ದು ಗಂಡಸಿನ ದನಿಯಲ್ಲಿ. ಮುಗಿದದ್ದು ಕೋಳಿಮರಿಯ ದನಿಯಲ್ಲಿ. ಇತ್ತೀಚೆಗೆ ಅವನ ಗಂಟಲು ಹೀಗೆ ಎರಡು ದೋಣಿಯಲ್ಲಿ ಕಾಲಿಡುತ್ತಿತ್ತು. ಗಂಡಸರೆಲ್ಲ ನಕ್ಕರು. ನಗಲಿ ಎಂದುಕೊಂಡ.

ಜಾಲರಿಯ ಆಚೆ ಮುಖಗಳು ಬಂದು ಮುತ್ತಿಕೊಂಡವು. "ಅಯ್ಯ ನಮ್ಮಪ್ಪಾ! ಇಲ್ಲಿ ಅದಾಳ ನೋಡ ದೇವಿ, ಗಣಮಕ್ಕಳ ಡಬ್ಬಿ ಹತ್ಯಾಳ!"

"ಇಧರ್ ಸೇ ದೇ," ಎಂದಳು ನಿಕಿತಾ ದೀದಿ. ಆದರೆ ಎರಡು ಬೆರಳಿನ ತೂತಿನಿಂದ ಗಾಜಿನ ಫೋಟೊ ದಾಟುವುದು ಹೇಗೆ? ಮುಂಬ್ರಾ ಬಂತು. ಇಳಿದು ಓಡಿ ಕೊಡುವ ಹಾಗೂ ಇರಲಿಲ್ಲ. ಬಾಗಿಲಿನವರೆಗೂ ತಲೆಗಳು, ತಲೆಗಳು.

"ಈಗೇನ್ ಮಾಡೂದು?" ಎಂದಳು ಮಹಾದೇವಕ್ಕ. ಮೊದಲ ಸಲ ಅವಳ ಹತ್ತಿರ ಕಾನೂನು ಇರಲಿಲ್ಲ.

ಸಮಿತ್ ಚೀಲದಿಂದ ಫೋಟೊ ತೆಗೆದು, ದೇವಿಯ ಮುಖವನ್ನು ಹೆಂಗಸರ ಕಡೆಗೆ ತಿರುಗಿಸಿ, ಜಾಲರಿಗೆ ಆನಿಸಿ ಎತ್ತಿ ಹಿಡಿದ.

"ಮಾಡಿ ಪೂಜೆ. ನಾನು ಹಿಡ್ಕೊಳ್ತೇನೆ."

ನಿಕಿತಾ ದೀದಿ ಚೆಂಡು ಹೂವಿನ ಮಾಲೆಯನ್ನು ಜಾಲರಿಯ ತೂತುಗಳಿಗೇ ಪೋಣಿಸಿದಳು. ಕುಂಕುಮ ಹಚ್ಚಿದ ಬೆರಳೊಂದು ತೂತಿನಿಂದ ಬಂದು ಗಾಜನ್ನು ಮುಟ್ಟಿತು. ಹಾಡು ಶುರುವಾಯಿತು. ಧರ್ಮಪಾಲ ಅಂಕಲ್ ತಮ್ಮ ಟಿಫಿನ್ ಡಬ್ಬಿಯನ್ನೇ ತಾಳ ಮಾಡಿಕೊಂಡು ಬಡಿದರು. ಇಸ್ಪೀಟು ಆಡುತ್ತಿದ್ದವರು ಎಲೆಗಳನ್ನು ಜೇಬಿಗೆ ಹಾಕಿ ಚಪ್ಪಾಳೆ ತಟ್ಟಿದರು.

ಸಮಿತ್‌ನ ತೋಳು ನೋಯತೊಡಗಿತು. "ಕೊಡು, ನಾನು ಹಿಡೀತೇನೆ," ಎಂದರು ಅಂಕಲ್. ಅವನು ಬೇಡವೆಂದು ತಲೆಯಾಡಿಸಿದ. ದೇವಿಯ ಬೆನ್ನ ಹಿಂದೆ ನಿಂತವನಿಗೆ ದೇವಿ ಕಾಣುವುದಿಲ್ಲ. ಕಾಣುವುದು ದೇವಿಯನ್ನು ನೋಡುವವರ ಮುಖ. ಇಷ್ಟು ವರ್ಷ ಅವರ ನಡುವೆಯೇ ಕೂತವನಿಗೆ ಅವರೆಲ್ಲರ ಮುಖ ಒಟ್ಟಿಗೆ ಕಂಡದ್ದು ಇವತ್ತೇ.

"ಲಗೂ ಲಗೂ ಹೇಳ್ರಿ, ಕಳವಾ ಬರ್ತದ," ಎಂದು ಮಹಾದೇವಕ್ಕ ಶುರುಮಾಡಿದಳು. "ನಾ ಈ ವರ್ಷ ಫಸ್ಟ್ ಟೈಮ್ ಇಮಾನದಾಗ ಕುಂತೆ. ಕಿಡಕಿ ತಗೀಲಿಕ್ಕೆ ಬರೂದಿಲ್ಲ ಅಂದ್ರು. ನಮ್ಮ ಲೋಕಲ್ ಚಲೋ."

ನಿಕಿತಾ ದೀದಿ ಕಲ್ಯಾಣದವರೆಗೆ ಸ್ಕೂಟಿ ಓಡಿಸಿದ್ದಳು. ಆಮೇಲೆ ಅಮ್ಮನ ಸರದಿ. ಅಮ್ಮ ಸ್ವಲ್ಪ ನಾಚಿಕೊಂಡಳು.

"ನಾನು ಮೊದಲ ಸಲ ರೈಲಿನಲ್ಲಿ ನಿದ್ದೆ ಮಾಡಿದೆ. ಜೂನ್‌ನಲ್ಲಿ. ಇವ ಆಚೆ ಡಬ್ಬಿಗೆ ಹೋದ ಎರಡು ವಾರಕ್ಕೆ. ಥಾಣೆಯಲ್ಲಿ ಅಕ್ಕ ಎಬ್ಬಿಸಿದರು."

ಎಲ್ಲರೂ ನಕ್ಕರು. ಸಮಿತ್ ನಗಲಿಲ್ಲ. ಅಮ್ಮನಿಗೆ ರೈಲಿನಲ್ಲಿ ನಿದ್ದೆ ಬರುವುದೇ ಇಲ್ಲ ಎಂದು ಅವನು ತಿಳಿದಿದ್ದ. ಅವಳ ತೊಡೆಯ ಮೇಲೆ ಮಲಗಿ ಥಾಣೆವರೆಗೆ ನಿದ್ದೆ ಹೊಡೆಯುತ್ತಿದ್ದವನು ತಾನಲ್ಲವೇ?

"ನೀ ಹೇಳವಾ, ಹೊಸಬಾಕೀ," ಎಂದಳು ಮಹಾದೇವಕ್ಕ. "ತುಮ್ ಬೋಲೋ."

ಗುಲಾಬಿ ಸಲ್ವಾರಿನವಳು ಬಾಗಿಲಿನ ಕಂಬವನ್ನು ಇನ್ನೂ ಬಿಟ್ಟಿರಲಿಲ್ಲ. "ಮೇರಾ ತೋ ಸಬ್ ಕುಛ್ ಆಜ್ ಪೆಹಲೀ ಬಾರ್ ಹೈ," ಎಂದಳು ಮೆಲ್ಲಗೆ. ಇವತ್ತು ಕೆಲಸದ ಮೊದಲ ದಿನ. ಇಷ್ಟು ಜನರ ರೈಲು ಹತ್ತಿದ್ದೂ ಮೊದಲ ಸಲ.

ಅವಳ ಬೆರಳುಗಳು ಕಂಬದ ಮೇಲೆ ಬೆಳ್ಳಗಾಗಿದ್ದವು. ಸಮಿತ್‌ಗೆ ಆ ಹಿಡಿತದ ಗುರುತು ಹತ್ತಿತು. ಮುಲುಂಡ್‌ವರೆಗೂ ತಾನು ಕಂಬವನ್ನು ಹೀಗೇ ಹಿಡಿದಿದ್ದ. ಆ ದಿನ ತಾನೂ ಕಾಲು ತುಳಿದವರಿಗೆಲ್ಲ ಬೈದಿದ್ದ.

"ಆಂಟಿ," ಎಂದ ಅವನು ದೇವಿಯ ಹಿಂದಿನಿಂದ, "ಕಹಾಂ ಉತರನಾ ಹೈ?"

"ಥಾಣೇ."

"ತೋ ಆಗೇವಾಲೀ ಕೋ ಪೂಛೋ, ಥಾಣೇ? ಹಾಂ ಬೋಲೀ ತೋ ಉಸ್ಕೇ ಪೀಛೇ. ಅಭೀ ಸೇ!"

ತಾವು ಕಲಿಸಿದ ವಿದ್ಯೆ ಜಾಲರಿ ದಾಟಿದ್ದನ್ನು ಕೇಳಿ ಧರ್ಮಪಾಲ ಅಂಕಲ್ ಟಿಫಿನ್ ಡಬ್ಬಿಯನ್ನು ಒಮ್ಮೆ ಜೋರಾಗಿ ಬಡಿದರು.

ಪೇಢೆಗಳು ಒಂದೊಂದಾಗಿ ತೂತಿನಿಂದ ಈಚೆ ಬಂದವು, ಉರುಟಾಗಿ ಹೊರಟು ಉದ್ದವಾಗಿ ತಲುಪಿದವು. ಇಸ್ಪೀಟಿನವರಿಗೂ ಸಿಕ್ಕಿತು. "ತಮ್ಮಾ, ನಿಂದು?" ಎಂದು ಮಹಾದೇವಕ್ಕ ಕೇಳುವಷ್ಟರಲ್ಲಿ ಕಳವಾ ಹೋಗಿ, ಖಾಡಿಯ ಹಿನ್ನೀರು ಕಿಟಕಿಯಲ್ಲಿ ಹೊಳೆದು, ಡಬ್ಬಿಯ ತುಂಬ, "ಥಾಣೇ? ಥಾಣೇ?" ಶುರುವಾಗಿತ್ತು. ಸಮಿತ್ ಫೋಟೊವನ್ನು ಚೀಲಕ್ಕೆ ಹಾಕಿ ಎದೆಗೆ ಅವಚಿಕೊಂಡ.

"ಬಾಜೂ! ಗಾಜು ಇದೆ, ದೇವಿ ಇದ್ದಾಳೆ!" ಎಂದು ಕೂಗುತ್ತ ಬಾಗಿಲಿಗೆ ನಡೆದ. ದನಿ ಈ ಸಲ ಒಡೆಯಲಿಲ್ಲ.

"ನಿಂದು ಬಾಕಿ ಐತಿ!" ಎಂದು ಹಿಂದಿನಿಂದ ಮಹಾದೇವಕ್ಕ ಕೂಗಿದಳು.

ಥಾಣೆಯ ಪ್ಲಾಟ್‌ಫಾರಮ್ಮಿನಲ್ಲಿ ಅವನೇ ಮೊದಲು ಇಳಿದ. ಕಂಬದ ಪಕ್ಕ ನಿಂತು ಲೇಡೀಸ್ ಡಬ್ಬಿಯ ಕಡೆ ನೋಡಿದ. ಗುಲಾಬಿ ಸಲ್ವಾರಿನವಳು ಇಳಿದಳು, ಸುತ್ತ ನೋಡಿ ಉಸಿರು ಬಿಟ್ಟಳು. ಅವಳ ಹಿಂದೆ ಅಮ್ಮ.

ಅಮ್ಮ ನಿಂತು ಅವನನ್ನು ಹುಡುಕಿದಳು. ಜನ ಅವಳನ್ನು ಎರಡೂ ಬದಿಯಿಂದ ತಳ್ಳಿಕೊಂಡು ಹೋಗುತ್ತಿದ್ದರು. ಅವಳ ಕಣ್ಣು ಜನರ ಮೊಣಕೈಗಳ ನಡುವೆ, ಬ್ಯಾಗುಗಳ ನಡುವೆ, ಕೆಳಗೆ ಕೆಳಗೆ ಹುಡುಕುತ್ತಿತ್ತು. ಹೋದ ವರ್ಷ ಅವನ ತಲೆ ಇದ್ದ ಎತ್ತರದಲ್ಲಿ.

ಸಮಿತ್‌ಗೆ ಮಾತ್ರ ಜನರ ಭುಜಗಳ ಮೇಲಿಂದ ಅಮ್ಮ ಸ್ಪಷ್ಟವಾಗಿ ಕಾಣುತ್ತಿದ್ದಳು. ಬೈತಲೆ, ಜಡೆಗೆ ಸಿಕ್ಕಿಕೊಂಡ ಒಂದು ಚೆಂಡು ಹೂವಿನ ಎಸಳು, ಎಲ್ಲ.

ಅವನು ಕೈ ಎತ್ತಿದ. "ಅಮ್ಮಾ, ಇಲ್ಲಿ. ಮೇಲೆ ನೋಡು."

ಅಮ್ಮ ತಲೆ ಎತ್ತಿದಳು. ಹತ್ತಿರ ಬಂದು ಅವನ ಕಾಲರ್ ಸರಿ ಮಾಡಿದಳು. ಆಮೇಲೆ ಕೇಳಿದಳು: "ಎಂತ ಹೇಳುವವನಿದ್ದೆ ಅಲ್ಲಿ? ದೋಸೆಯದ್ದಾ?"

"ಅಲ್ಲ."

"ಮತ್ತೆ?"

"ಅದು ಇವತ್ತಿನದ್ದು. ಮುಂದಿನ ವರ್ಷ ಹೇಳ್ತೇನೆ," ಎಂದ ಸಮಿತ್. ಜನರ ನಡುವೆ ದಾರಿ ಮಾಡುತ್ತ ಅವನು ಮುಂದೆ ನಡೆದ. ತೀರಾ ಬೇಗ ಅಲ್ಲ. ಹಿಂದೆ ಬರುವ ಅಮ್ಮನಿಗೆ ಅವನ ಶರ್ಟು ಕಾಣುತ್ತಿರುವಷ್ಟು ಮೆಲ್ಲಗೆ.