ಎರಡೂ ಕಡೆಯ ಪಟ್ಟೆಗಳು

ಕಾಫಿ ತಟ್ಟೆ ಹಿಡಿದು ನಡುಮನೆಗೆ ಬಂದ ಪದ್ಮಶ್ರೀ ಬಾಗಿಲಲ್ಲೇ ನಿಂತುಬಿಟ್ಟಳು.

ತಂಗಿ ಪ್ರಮೀಳಾಳನ್ನು ನೋಡಲು ಬಂದಿರುವ ಗಂಡು... ಶಿವಶಂಕರ!

ಮೂರು ವರ್ಷದ ಹಿಂದೆ, ಮೈಸೂರಿಗೆ ಹೋಗಿ ಮದುವೆಯಾಗೋಣ ಎಂದು ಪಿರಿಯಾಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ಅವಳಿಗಾಗಿ ಕಾದಿದ್ದವನು. ಅವಳು ಹೋಗಿರಲಿಲ್ಲ.

ಮನೆಯಲ್ಲಿ ಯಾರಿಗೂ ಇದು ಗೊತ್ತಿಲ್ಲ. ಆದರೆ ಯಾರ ಮನೆಗೆ ಬಂದಿದ್ದೇನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಲೋಟ ತೆಗೆದುಕೊಳ್ಳುತ್ತಾ ಅವಳ ಮುಖ ನೋಡಿ ನಕ್ಕ. ಅದಕ್ಕಿಂತ ಕೆನ್ನೆಗೆ ಒಂದು ಬಾರಿಸಿದ್ದರೆ ವಾಸಿಯಿತ್ತು.

"ಸಮುದ್ರದಲ್ಲಿ ಏನ್ ಕೆಲ್ಸಪ್ಪಾ ನಿಮ್ದು?" ಅಪ್ಪ ಕರಿಯಪ್ಪ ಕೇಳಿದರು.

"ಹಡಗಿನ ಹಿಂದೆ ಒಂದು ಯಂತ್ರ ಎಳ್ಕೊಂಡು ಹೋಯ್ತೀವಿ ಮಾವ. ತಳದ ಕಲ್ಲಲ್ಲಿರೋ ಅಯಸ್ಕಾಂತದ ಗುರುತು ಅಳೀತದೆ."

ಮಾವ! ಎಷ್ಟು ಸಲೀಸಾಗಿ ಅಂದುಬಿಟ್ಟ...

"ಸಮುದ್ರದ ನಡುವೆ ಉದ್ದಕ್ಕೂ ಬಿರುಕದೆ. ಅಲ್ಲಿಂದ ಕರಗಿದ ಕಲ್ಲು ಮೇಲೆ ಬತ್ತದೆ. ಅದು ಆರೋವಾಗ, ಆವತ್ತು ಭೂಮಿಯ ಅಯಸ್ಕಾಂತ ಯಾವ ದಿಕ್ಕಿಗಿತ್ತೋ ಆ ದಿಕ್ಕನ್ನೇ ಹಿಡ್ಕೊಂಡ್ಬುಡ್ತದೆ. ಆ ದಿಕ್ಕು ಎಷ್ಟೋ ಲಕ್ಷ ವರ್ಷಕ್ಕೊಂದ್ಸಲ ತಿರುಗಾಮುರುಗಾ ಆಯ್ತದೆ. ಅದ್ಕೇ ತಳದ ತುಂಬ ಪಟ್ಟೆ ಪಟ್ಟೆ. ಬಿರುಕಿನ ಈ ಕಡೆ ಇರೋ ಪಟ್ಟೆಗಳೇ ಆ ಕಡೆನೂ." ಅವನ ಕಣ್ಣು ಪದ್ಮಶ್ರೀಯ ಮೇಲೆ ನಿಂತಿತು. "ಒಂದೇ ಜಾಗದಲ್ಲಿ ಹುಟ್ಟಿ, ಉಗುರು ಬೆಳೆಯೋವಷ್ಟು ನಿಧಾನಕ್ಕೆ ದೂರ ಆಯ್ತಾ ಇರ್ತವೆ."

ಆಮೇಲೆ ಲೋಟ ಕೆಳಗಿಟ್ಟ.

"ಹುಡುಗಿ ನಂಗೊಪ್ಪಿಗೆ ಮಾವ."

ಅಪ್ಪನ ಪಕ್ಕ ಕೂತಿದ್ದ ಪ್ರಮೀಳಾ ನಾಚಿ ತಲೆ ತಗ್ಗಿಸಿದಳು. ಪದ್ಮಶ್ರೀ ಹಿತ್ತಿಲಿಗೆ ನಡೆದಳು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಯ ಒಲೆಗೆ ಸೌದೆ ಹಾಕಬೇಕಿತ್ತು. ಅಳುವುದಕ್ಕೂ ಅದೇ ಜಾಗ.

ಬ್ಯಾರನ್ ನೋಡುವ ನೆಪದಲ್ಲಿ ಅವನೂ ಬಂದ.

"ನಿನ್ನ ಕಣ್ಣೆದುರಲ್ಲೇ ತಾಳಿ ಕಟ್ತೀನಿ. ಆವತ್ತು ನಾನು ಪಟ್ಟಿದ್ದು ನೀನೂ ಪಡು."

ಅವಳು ಸೌದೆ ತಳ್ಳುತ್ತಾ ಕೇಳಿದಳು. "ಒಂದು ಕಡೆ ಪಟ್ಟೆ ನೋಡಿದ ತಕ್ಷಣ ತಳ ಸರೀತಾ ಅದೆ ಅಂತ ತೀರ್ಮಾನ ಮಾಡ್ತೀರಾ?"

"ಇಲ್ಲ. ಎರಡೂ ಕಡೆ ಅಳೆದು, ತಾಳೆ ನೋಡ್ತೀವಿ."

"ನನ್ನ ಕಡೆ ಅಳೆದ್ರಾ?"

ಅವನು ಬೆಂಕಿಯ ಕಡೆ ಮುಖ ತಿರುಗಿಸಿದ.

"ಅವತ್ತು ಬೆಳಗ್ಗೆ ಅಪ್ಪಂಗೆ ಎದೆನೋವು ಬಂತು. ಎಲ್ರೂ ಆಸ್ಪತ್ರೆಗೆ ಹೋದ್ರು. ಬ್ಯಾರನ್ ತುಂಬ ಸೊಪ್ಪು, ಬೆಂಕಿ ಆಕಾಗಿತ್ತು. ಆರುದ್ರೆ ವರ್ಷದ ಬೆಳೆಯೆಲ್ಲಾ ಕಪ್ಪಾಯ್ತದೆ. ನಾನೊಬ್ಳೇ ಇದ್ದೆ. ಫೋನ್ ಮಾಡ್ದೆ... ಅಷ್ಟೊತ್ತಿಗೆ ನೀವು ಬ್ಲಾಕ್ ಮಾಡಿದ್ರಿ."

ಶಿವಶಂಕರನ ಮುಖ ಬಿಳಿಚಿಕೊಂಡಿತು. ಬಸ್ಸು ಹತ್ತುವಾಗ ಅವನು ಮಾಡಿದ ಮೊದಲ ಕೆಲಸವೇ ಅದು.

"ಆಮೇಲೆ ಬಂದ ಗಂಡುಗಳನ್ನೆಲ್ಲಾ ಬ್ಯಾಡ ಅಂದೆ. ಯಾಕೇಂತ ಕೇಳಬ್ಯಾಡಿ."

"ಪದ್ಮಾ... ತಪ್ಪಾಯ್ತು. ಈಗ ನಾನೇನು ಮಾಡ್ಲಿ?"

"ಒಳಗೋಗಿ ನನ್ನ ತಂಗಿಗೆ ನಿಜ ಹೇಳಿ. ಎಲ್ಲರ ಮುಂದೆ."

"ಅಳ್ತಾಳೆ."

"ಅಳ್ತಾಳೆ. ನೋಡ್ಕೊಂಡು ನಿಂತ್ಕಳಿ. ಅವಳು ಉಗುದ್ರೂ ನಿಂತ್ಕಳಿ."

ಅವನು ಎರಡು ಹೆಜ್ಜೆ ಹೋಗಿ ತಿರುಗಿದ.

"ಆಮೇಲೆ... ನೀನು ಬತ್ತೀಯಾ?"

ಪದ್ಮಶ್ರೀ ಕಣ್ಣೊರೆಸಿಕೊಂಡಳು.

"ಬೆಂಕಿ ಆಕಿವ್ನಿ, ಬುಟ್ಟು ಬರಕಾಗಲ್ಲ. ಈ ಸಲ ನೀವೇ ಬನ್ನಿ."